ಬಣ್ಣ, ಕುಂಚ, ಕ್ಯಾನ್ವಾಸ್: ಚಿತ್ರಕಲಾ ಸಾಮಗ್ರಿಗೆ ಕಸ್ಟಮ್ಸ್‌ನಲ್ಲಿ ಒಂದೇ ಕೋಡ್ ಸಾಕೇ?

ಪ್ರಶ್ನೆ: ಚಿತ್ರಕಲೆಯ ಸಾಮಗ್ರಿಯನ್ನು ವಿದೇಶದಿಂದ ತರಿಸಿ ಮಾರಬೇಕೆಂದಿದ್ದೇನೆ. ಮೊದಲ ಸರಕಿನಲ್ಲಿ ಜಲವರ್ಣ ಮತ್ತು ತೈಲವರ್ಣದ ಟ್ಯೂಬುಗಳು, ಬಣ್ಣದ ಪೆನ್ಸಿಲ್, ಪೇಸ್ಟಲ್, ಇದ್ದಿಲ ಕಡ್ಡಿ, ಸೇಬಲ್ ಕುಂಚಗಳು, ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್, ಟರ್ಪೆಂಟೈನ್, ಜೊತೆಗೆ ಬಣ್ಣ, ಪೆನ್ಸಿಲ್, ಪೇಸ್ಟಲ್ ಎಲ್ಲವೂ ಸೇರಿರುವ ಮರದ ಪೆಟ್ಟಿಗೆಗಳಿವೆ. ಪೂರೈಕೆದಾರರು ಇನ್‌ವಾಯ್ಸ್‌ನಲ್ಲಿ ‘ಕಲಾ ಸಾಮಗ್ರಿ’ ಎಂದಷ್ಟೇ ಬರೆದು ಎಲ್ಲಕ್ಕೂ 3213.10 ಎಂಬ, ಸರಕಿನ ಬಗೆಯನ್ನು ಸೂಚಿಸುವ ಒಂದೇ ಎಚ್‌ಎಸ್ ಕೋಡ್ ಹಾಕಿದ್ದಾರೆ. ಇದು ಸರಿಯೇ? ಸುಂಕ ಕಟ್ಟುವುದಲ್ಲದೆ ಬೇರೆ ಯಾವ ನಿಯಮಗಳನ್ನು ಗಮನಿಸಬೇಕು?

ಉತ್ತರ: ಸರಿಯಲ್ಲ. ಮಿಶ್ರ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರೂ ನಿಮ್ಮ ಸರಕು ಐದು ಶೀರ್ಷಿಕೆಗಳಲ್ಲಿ (ಕೋಡಿನ ಮೊದಲ ನಾಲ್ಕು ಅಂಕಿ ಸೂಚಿಸುವ ಗುಂಪುಗಳಲ್ಲಿ) ಹಂಚಿಹೋಗುತ್ತದೆ. ಸುಂಕದ ಪಟ್ಟಿಯಲ್ಲಿ ‘ಕಲಾ ಸಾಮಗ್ರಿ’ ಎಂಬ ವರ್ಗವೇ ಇಲ್ಲ. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಕುಳಿತುಕೊಳ್ಳುವ ವಸ್ತುಗಳು ಅಲ್ಲಿ ರಾಸಾಯನಿಕಗಳ ನಡುವೆ, ಜವಳಿಯ ನಡುವೆ, ಕಾಗದದ ನಡುವೆ ಮತ್ತು 96ನೇ ಅಧ್ಯಾಯದ ಬಗೆಬಗೆಯ ಇತರ ವಸ್ತುಗಳ ನಡುವೆ ಚದುರಿಕೊಂಡಿವೆ. ವಸ್ತುವನ್ನು ಚಿತ್ರ ಬರೆಯಲು ಬಳಸುತ್ತಾರೆ ಎಂಬ ಒಂದೇ ಸಂಗತಿಯಿಂದ ಅದರ ಕೋಡ್ ತೀರ್ಮಾನವಾಗುವುದು ಅಪರೂಪ. ಅದು ಯಾವುದರಿಂದ ಆಗಿದೆ, ಯಾವ ರೂಪದಲ್ಲಿದೆ, ಹೇಗೆ ಪ್ಯಾಕ್ ಆಗಿ ಬಂದಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಕೋಡ್ ಹುಡುಕಲು ಹೊರಡಬೇಕು.

ಈ ಕೋಡ್‌ಗಳ ಮೂಲ ವಿಶ್ವ ಕಸ್ಟಮ್ಸ್ ಸಂಸ್ಥೆ ನಿರ್ವಹಿಸುವ ಹಾರ್ಮೊನೈಸ್ಡ್ ಸಿಸ್ಟಮ್ (ಎಚ್‌ಎಸ್). 1983ರಲ್ಲಿ ಒಪ್ಪಂದವಾಗಿ 1988ರ ಜನವರಿ 1ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ 21 ವಿಭಾಗಗಳೂ 97 ಅಧ್ಯಾಯಗಳೂ ಇವೆ. 77ನೇ ಅಧ್ಯಾಯವನ್ನು ಮುಂದಿನ ಬಳಕೆಗೆಂದು ಖಾಲಿ ಬಿಡಲಾಗಿದೆ. ಮೊದಲ ಎರಡು ಅಂಕಿ ಅಧ್ಯಾಯವನ್ನು, ನಾಲ್ಕು ಅಂಕಿ ಶೀರ್ಷಿಕೆಯನ್ನು, ಆರು ಅಂಕಿ ಉಪಶೀರ್ಷಿಕೆಯನ್ನು ಸೂಚಿಸುತ್ತವೆ. ಆರು ಅಂಕಿಯವರೆಗೆ ಸದಸ್ಯ ದೇಶಗಳಲ್ಲೆಲ್ಲ ಒಂದೇ ಪಠ್ಯವಿರುತ್ತದೆ; ಅದರಾಚೆಯ ಅಂಕಿಗಳನ್ನು ಮತ್ತು ಸುಂಕದ ದರವನ್ನು ಆಯಾ ದೇಶವೇ ನಿಗದಿ ಮಾಡುತ್ತದೆ. ಹೀಗಾಗಿ ಕೆಳಗಿನ ಮಾತುಗಳೆಲ್ಲ ಆರು ಅಂಕಿಗಳ ಮಟ್ಟದಲ್ಲೇ ಇವೆ. ದರವನ್ನು ನೀವು ಆಮದು ಮಾಡಿಕೊಳ್ಳುವ ದೇಶದ ಸುಂಕ ಪಟ್ಟಿಯಲ್ಲಿ, ಆ ವರ್ಷದ ಆವೃತ್ತಿಯಲ್ಲಿ, ನೋಡಿಕೊಳ್ಳಬೇಕು.

ವರ್ಗೀಕರಣಕ್ಕೆ ಆರು ಸಾಮಾನ್ಯ ನಿಯಮಗಳಿವೆ. ಮೊದಲನೆಯದು ಎಲ್ಲಕ್ಕೂ ಮಿಗಿಲಾದದ್ದು: ವಿಭಾಗ ಮತ್ತು ಅಧ್ಯಾಯಗಳ ಹೆಸರುಗಳು ಹುಡುಕಾಟದ ಅನುಕೂಲಕ್ಕಷ್ಟೇ ಇವೆ, ಕಾನೂನಿನ ಬಲ ಇರುವುದು ಶೀರ್ಷಿಕೆಯ ಪದಗಳಿಗೆ ಮತ್ತು ವಿಭಾಗ ಹಾಗೂ ಅಧ್ಯಾಯಗಳ ಟಿಪ್ಪಣಿಗಳಿಗೆ. ಇಂಟರ್ನೆಟ್ಟಿನ ಹುಡುಕು ಪೆಟ್ಟಿಗೆಯಲ್ಲಿ ವಸ್ತುವಿನ ಹೆಸರು ಟೈಪಿಸಿ ಮೊದಲು ಸಿಕ್ಕ ಕೋಡನ್ನು ಇಟ್ಟುಕೊಳ್ಳುವವರು ತಪ್ಪುವುದು ಇಲ್ಲಿಯೇ. ಅವರು ಶೀರ್ಷಿಕೆಯನ್ನು ಓದಿರುತ್ತಾರೆ, ಟಿಪ್ಪಣಿಯನ್ನು ಓದಿರುವುದಿಲ್ಲ.

ಪೂರೈಕೆದಾರರು ಆರಿಸಿದ 32.13ರಿಂದಲೇ ಆರಂಭಿಸೋಣ, ಏಕೆಂದರೆ ಟ್ಯೂಬುಗಳ ಮಟ್ಟಿಗೆ ಶೀರ್ಷಿಕೆ ಅದೇ. ಕಲಾವಿದರು, ವಿದ್ಯಾರ್ಥಿಗಳು ಅಥವಾ ನಾಮಫಲಕ ಬರೆಯುವವರು ಬಳಸುವ ಬಣ್ಣಗಳು, ಛಾಯೆ ಬದಲಿಸುವ ಬಣ್ಣಗಳು, ವಿನೋದಕ್ಕೆಂದಿರುವ ಬಣ್ಣಗಳು ಮತ್ತು ಅಂಥವು ಇದರಲ್ಲಿ ಬರುತ್ತವೆ. ಆದರೆ ಅವು ಬಿಲ್ಲೆ, ಟ್ಯೂಬ್, ಜಾರ್, ಬಾಟಲಿ, ಪುಟ್ಟ ತಟ್ಟೆ ಅಥವಾ ಅಂಥದೇ ರೂಪದಲ್ಲಿ, ಅಂಥದೇ ಪ್ಯಾಕಿಂಗ್‌ನಲ್ಲಿ ಇರಬೇಕು. ಅಂದರೆ ಯಾರ ಬಳಕೆಗೆ ಎಂಬುದು ಒಂದು ಷರತ್ತಾದರೆ, ಯಾವ ರೂಪದಲ್ಲಿ ಎಂಬುದು ಇನ್ನೊಂದು, ಮತ್ತು ಎರಡೂ ಒಟ್ಟಿಗೆ ಪೂರೈಸಬೇಕು. ಭಿತ್ತಿಚಿತ್ರಕ್ಕೆಂದು ದೊಡ್ಡ ಡ್ರಮ್ಮುಗಳಲ್ಲಿ ತರಿಸಿದ ಅಕ್ರಿಲಿಕ್ ಬಣ್ಣವನ್ನು ಕಲಾವಿದನೇ ಬಳಿದರೂ ಎರಡನೆಯ ಷರತ್ತು ಈಡೇರುವುದಿಲ್ಲ. ಅದು ಸಾಮಾನ್ಯ ಪೇಂಟುಗಳ ಶೀರ್ಷಿಕೆಗೆ ಹೋಗುತ್ತದೆ. ಸಂಶ್ಲೇಷಿತ ಪಾಲಿಮರ್ ನೀರಿನಲ್ಲಿ ಕದಡಿದ ಪೇಂಟಾದರೆ 32.09, ನೀರಲ್ಲದ ದ್ರವದಲ್ಲಾದರೆ 32.08, ಉಳಿದವು 32.10.

ಇದೇ ಶೀರ್ಷಿಕೆಯೊಳಗೆ 3213.10 ಎಂಬುದು ಸೆಟ್ಟುಗಳಾಗಿ ಬರುವ ಬಣ್ಣಗಳಿಗೆ, 3213.90 ಉಳಿದವಕ್ಕೆ. ಒಂದೇ ಬಣ್ಣದ ಟ್ಯೂಬುಗಳನ್ನು ಡಜನ್‌ಗಟ್ಟಲೆ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದರೆ ಅದು ಸೆಟ್ ಆಗುವುದಿಲ್ಲ. ಅದು ಸಾಗಣೆಯ ಪ್ಯಾಕಿಂಗ್ ಮಾತ್ರ. ಹಾಗಾಗಿ ನಿಮ್ಮ ಬಿಡಿ ಟ್ಯೂಬುಗಳಿಗೂ ಪೂರೈಕೆದಾರರ ಕೋಡ್ ಆರನೇ ಅಂಕಿಗೆ ಬರುವ ಹೊತ್ತಿಗೆ ತಪ್ಪಿದೆ.

ಒಣ ವರ್ಣಪುಡಿಯ ಮಾತು ಬೇರೆ. 32.13 ಬಯಸುವುದು ಬಳಕೆಗೆ ಸಿದ್ಧಪಡಿಸಿದ ಬಣ್ಣವನ್ನು. ತಾನೇ ಬಣ್ಣ ಅರೆದುಕೊಳ್ಳುವ ಕಲಾವಿದನಿಗೆಂದು ತರಿಸುವ ಸಂಶ್ಲೇಷಿತ ಸಾವಯವ ವರ್ಣದ್ರವ್ಯ 32.04ಕ್ಕೂ, ಸಸ್ಯ ಅಥವಾ ಪ್ರಾಣಿ ಮೂಲದ ನೀಲಿ (ಇಂಡಿಗೊ), ಕಿರಮಂಜಿಯಂಥವು 32.03ಕ್ಕೂ, ಟೈಟಾನಿಯಂ ಡೈಆಕ್ಸೈಡ್ ಆಧಾರದ ವರ್ಣದ್ರವ್ಯ 32.06ಕ್ಕೂ ಸೇರುತ್ತವೆ. ಕಾವಿಮಣ್ಣಿನಂಥ ನೈಸರ್ಗಿಕ ಮಣ್ಣಿನ ಬಣ್ಣಗಳು, ಸುಟ್ಟಿದ್ದರೂ ಒಂದಕ್ಕೊಂದು ಬೆರೆಸಿದ್ದರೂ, 25ನೇ ಅಧ್ಯಾಯದ ಟಿಪ್ಪಣಿಯ ಪ್ರಕಾರ 25.30ರಲ್ಲೇ ಉಳಿಯುತ್ತವೆ. ಆದರೆ ಅವುಗಳಲ್ಲಿನ ಕಬ್ಬಿಣದ ಅಂಶ ಫೆರಿಕ್ ಆಕ್ಸೈಡ್ ಲೆಕ್ಕದಲ್ಲಿ ತೂಕದ ಶೇ 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ 2821.20ಕ್ಕೆ ಜಿಗಿಯುತ್ತವೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕೆಂಪು ಪುಡಿಗಳನ್ನು ಪ್ರಯೋಗಾಲಯದ ವರದಿಯೊಂದೇ ಬೇರ್ಪಡಿಸಬಲ್ಲದು.

ಚಿತ್ರ ಬರೆಯುವ ಕಪ್ಪು ಶಾಯಿ, ಅಂದರೆ ಇಂಡಿಯನ್ ಇಂಕ್ ಅಥವಾ ಚೈನೀಸ್ ಇಂಕ್, ದ್ರವವಾಗಿದ್ದರೂ ಗಟ್ಟಿ ಕಡ್ಡಿಯಾಗಿದ್ದರೂ 32.13ಕ್ಕೆ ಸೇರದೆ 3215.90ಕ್ಕೆ ಹೋಗುತ್ತದೆ. ಪೇಸ್ಟಲ್ ಮತ್ತು ಕ್ರೆಯಾನುಗಳನ್ನೂ 32.13ರ ವಿವರಣಾ ಟಿಪ್ಪಣಿ (ಕಾನೂನಿನ ಟಿಪ್ಪಣಿಗಳಿಗಿಂತ ಬೇರೆಯಾದ, ವಿಶ್ವ ಕಸ್ಟಮ್ಸ್ ಸಂಸ್ಥೆಯ ಮಾರ್ಗದರ್ಶಿ) ಸ್ಪಷ್ಟವಾಗಿ ಹೊರಗಿಡುತ್ತದೆ. ಪೇಸ್ಟಲ್ ಎಂದರೆ ವರ್ಣದ್ರವ್ಯದ ಕಡ್ಡಿಯೇ ಅಲ್ಲವೇ, ಅದೇಕೆ ಬಣ್ಣವಲ್ಲ ಎಂದು ಕಲಾವಿದರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ, ಆದರೆ 96.09ರ ಶೀರ್ಷಿಕೆ ಪೆನ್ಸಿಲ್, ಕ್ರೆಯಾನ್, ಪೆನ್ಸಿಲ್ ಲೆಡ್, ಪೇಸ್ಟಲ್, ಚಿತ್ರ ಬರೆಯುವ ಇದ್ದಿಲು, ಬರೆಯುವ ಹಾಗೂ ಚಿತ್ರಿಸುವ ಸೀಮೆಸುಣ್ಣ ಮತ್ತು ದರ್ಜಿಗಳ ಸೀಮೆಸುಣ್ಣಗಳನ್ನು ಹೆಸರಿಸಿಯೇ ಕರೆದುಕೊಂಡಿದೆ. ಹೆಸರಿಸಿದ ಮೇಲೆ ಚರ್ಚೆಗೆ ಜಾಗವಿಲ್ಲ. ಕವಚದೊಳಗೆ ಲೆಡ್ ಇರುವ ಪೆನ್ಸಿಲ್ಲುಗಳು, ಬಣ್ಣದವೂ ಸೇರಿದಂತೆ, 9609.10, ಬಿಡಿ ಲೆಡ್ 9609.20, ಪೇಸ್ಟಲ್, ಮೇಣದ ಕ್ರೆಯಾನ್, ಇದ್ದಿಲ ಕಡ್ಡಿ 9609.90. ನೀರು ತಾಕಿದರೆ ಜಲವರ್ಣದಂತೆ ಹರಡುವ ಪೆನ್ಸಿಲ್ ಕೂಡ ಪೆನ್ಸಿಲ್ಲೇ. ಇದ್ದಿಲ ಕಡ್ಡಿಯ ಇನ್‌ವಾಯ್ಸ್‌ನಲ್ಲಿ ‘ಮರದ ಇದ್ದಿಲು’ ಎಂದಷ್ಟೇ ಬರೆದರೆ ಅದು ಇಂಧನದ ಇದ್ದಿಲಿನ 44.02ರಂತೆ ಓದಿಸಿಕೊಳ್ಳುತ್ತದೆ, ‘ಚಿತ್ರ ಬರೆಯುವ ಇದ್ದಿಲು’ ಎಂದೇ ಬರೆಸಿ. ಮಾರ್ಕರ್ ಮತ್ತು ಸ್ಕೆಚ್ ಪೆನ್ನುಗಳನ್ನು ಮುಂದೆ ತರಿಸಿದರೆ ಅವಕ್ಕೆ 9608.20, ಲೆಡ್ ತಳ್ಳುವ ಮೆಕ್ಯಾನಿಕಲ್ ಪೆನ್ಸಿಲ್ಲಿಗೆ 9608.40.

ಉಳಿದ ಸಣ್ಣಪುಟ್ಟ ವಸ್ತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಲಾವಿದರ ಕುಂಚ 9603.30, ಗೋಡೆಗೆ ಬಣ್ಣ ಬಳಿಯುವ ಬ್ರಷ್ ಮತ್ತು ರೋಲರ್ 9603.40. ವಲ್ಕನೀಕರಿಸಿದ ರಬ್ಬರಿನ ಅಳಿಸುವ ರಬ್ಬರ್ 4016.92, ಪ್ಲಾಸ್ಟಿಕ್ಕಿನದಾದರೆ 39.26. ಕೈಯಲ್ಲಿ ತಿರುಗಿಸುವ ಶಾರ್ಪನರ್ 8214.10. ಕೈವಾರ, ಕೋನಮಾಪಕ, ಅಳತೆಪಟ್ಟಿಗಳು 90.17. ಟ್ರೇಸಿಂಗ್ ಕಾಗದ 4806.30, ಕೈಯಿಂದ ತಯಾರಿಸಿದ ಕಾಗದ 4802.10, ಹೊಲಿದ ಅಥವಾ ಅಂಟಿಸಿದ ಖಾಲಿ ಸ್ಕೆಚ್ ಪುಸ್ತಕ 48.20, ಮಕ್ಕಳು ಬಣ್ಣ ತುಂಬುವ ಚಿತ್ರಪುಸ್ತಕ 49.03. ಮಾಡೆಲಿಂಗ್ ಕ್ಲೇ, ಮಕ್ಕಳ ವಿನೋದಕ್ಕೆಂದು ಪ್ಯಾಕ್ ಮಾಡಿದ್ದರೂ, 34.07. ಕ್ಯಾನ್ವಾಸ್ ನಿಲ್ಲಿಸುವ ಈಸೆಲ್‌ಗೆ ತನ್ನದೆಂಬ ಶೀರ್ಷಿಕೆ ಇಲ್ಲದ ಕಾರಣ ಅದನ್ನು ಮಾಡಿದ ವಸ್ತುವನ್ನು ನೋಡಬೇಕಾಗುತ್ತದೆ.

ಕ್ಯಾನ್ವಾಸಿನಲ್ಲಿ ನಿರ್ಣಾಯಕವಾದದ್ದು ಲೇಪ. ಚಿತ್ರ ಬರೆಯಲು ಪ್ರೈಮರ್ ಬಳಿದು ಸಿದ್ಧಪಡಿಸಿದ ಕ್ಯಾನ್ವಾಸ್ 5901.90ರಲ್ಲಿ ಬರುತ್ತದೆ, ಲೇಪವಿಲ್ಲದ ಬಟ್ಟೆ ಕೇವಲ ಬಟ್ಟೆ, ಹತ್ತಿಯದಾದರೆ 52ನೇ ಅಧ್ಯಾಯ, ಅಗಸೆ ನಾರಿನದಾದರೆ 53ನೇ ಅಧ್ಯಾಯ. ಜವಳಿಯ ಸುಂಕ ಹಲವು ದೇಶಗಳಲ್ಲಿ ಸೂಕ್ಷ್ಮವಾದದ್ದರಿಂದ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅಮೆರಿಕ 2006ರಲ್ಲಿ ಚೀನಾದ ಕಲಾವಿದರ ಕ್ಯಾನ್ವಾಸಿನ ಮೇಲೆ ಆಂಟಿ ಡಂಪಿಂಗ್ ಸುಂಕ (ಅನ್ಯಾಯವಾಗಿ ಅಗ್ಗದ ಬೆಲೆಗೆ ಸರಕು ಸುರಿಯುವುದನ್ನು ತಡೆಯುವ ಸುಂಕ) ವಿಧಿಸಿತು. ಚೌಕಟ್ಟಿಗೆ ಬಿಗಿದದ್ದೂ ಅದರ ವ್ಯಾಪ್ತಿಯಲ್ಲಿತ್ತು. ಇಂಥ ಸುಂಕ ಸಾಮಾನ್ಯ ದರದ ಮೇಲೆ ಸೇರುವಂಥದ್ದು, ಮೂಲ ದೇಶವನ್ನು ಅವಲಂಬಿಸಿರುವಂಥದ್ದು. ಮೂರನೆಯ ದೇಶದ ಗೋದಾಮಿನ ಮೂಲಕ ಹಾದು ಬಂದ ಮಾತ್ರಕ್ಕೆ ಸರಕಿನ ಮೂಲ ಬದಲಾಗುವುದಿಲ್ಲ. ಅದೇ ಕ್ಯಾನ್ವಾಸಿನ ಮೇಲೆ ಸಂಪೂರ್ಣವಾಗಿ ಕೈಯಿಂದ ಚಿತ್ರ ಮೂಡಿದ ಮೇಲೆ ಅದು 97.01ರ ಕಲಾಕೃತಿಯಾಗುತ್ತದೆ. 2022ರ ಆವೃತ್ತಿಯಿಂದ 100 ವರ್ಷ ಮೀರಿದ ಕೃತಿಗಳಿಗೆ ಅಲ್ಲಿ ಪ್ರತ್ಯೇಕ ಉಪಶೀರ್ಷಿಕೆಗಳೂ ಇವೆ.

ಈಗ ನಿಮ್ಮ ಮರದ ಪೆಟ್ಟಿಗೆ. ಇಡೀ ಪ್ರಶ್ನೆಯಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಸ್ತು ಇದೊಂದೇ. ಅದರಲ್ಲಿ ಬಣ್ಣದ ಟ್ಯೂಬುಗಳು, ಒಂದೆರಡು ಕುಂಚ ಮತ್ತು ಪ್ಯಾಲೆಟ್ ಮಾತ್ರ ಇದ್ದಿದ್ದರೆ ಪೂರೈಕೆದಾರರ 3213.10 ತಕರಾರಿಲ್ಲದೆ ನಿಲ್ಲುತ್ತಿತ್ತು, ಏಕೆಂದರೆ ಕುಂಚ, ಪ್ಯಾಲೆಟ್, ಪ್ಯಾಲೆಟ್ ಚಾಕು ಮುಂತಾದವು ಜೊತೆಗಿರುವ ಬಣ್ಣದ ಸೆಟ್ಟುಗಳನ್ನೂ ವಿವರಣಾ ಟಿಪ್ಪಣಿ ಅದೇ ಶೀರ್ಷಿಕೆಗೆ ಸೇರಿಸುತ್ತದೆ. ಪೆನ್ಸಿಲ್ ಮತ್ತು ಪೇಸ್ಟಲ್ ಒಳಗೆ ಬಂದ ಕ್ಷಣ ಎರಡು ಪ್ರಬಲ ಶೀರ್ಷಿಕೆಗಳು ಎದುರುಬದುರಾಗುತ್ತವೆ, ಮೂರನೆಯ ಸಾಮಾನ್ಯ ನಿಯಮಕ್ಕೆ ಹೋಗಬೇಕಾಗುತ್ತದೆ.

ಆ ನಿಯಮದ ಅಡಿಯಲ್ಲಿ ಒಂದು ಪೆಟ್ಟಿಗೆ ‘ಚಿಲ್ಲರೆ ಮಾರಾಟಕ್ಕೆ ಜೋಡಿಸಿದ ಸೆಟ್’ ಎನಿಸಿಕೊಳ್ಳಲು ಮೂರು ಷರತ್ತುಗಳನ್ನು ಪೂರೈಸಬೇಕು. ಬೇರೆ ಬೇರೆ ಶೀರ್ಷಿಕೆಗೆ ಸೇರಬಹುದಾದ ಕನಿಷ್ಠ ಎರಡು ವಸ್ತುಗಳಿರಬೇಕು. ಅವು ಒಂದು ನಿರ್ದಿಷ್ಟ ಅಗತ್ಯಕ್ಕೆ ಅಥವಾ ಒಂದು ನಿರ್ದಿಷ್ಟ ಕೆಲಸಕ್ಕೆಂದು ಕೂಡಿರಬೇಕು. ಮತ್ತೆ ಪ್ಯಾಕ್ ಮಾಡದೆ ನೇರವಾಗಿ ಬಳಕೆದಾರರಿಗೆ ಮಾರುವಂತಿರಬೇಕು. ಚಿತ್ರಕಲೆಯ ಪೆಟ್ಟಿಗೆ ಮೂರನ್ನೂ ಸಲೀಸಾಗಿ ಪೂರೈಸುತ್ತದೆ. ಅದರೊಳಗೊಂದು ಕೈಗಡಿಯಾರವನ್ನೂ ಇಟ್ಟು ಉಡುಗೊರೆ ಪ್ಯಾಕ್ ಮಾಡಿದರೆ ಎರಡನೆಯ ಷರತ್ತು ಮುರಿದು ಬೀಳುತ್ತದೆ. ಖರ್ಚು ಉಳಿಸಲೆಂದು ಪೆನ್ಸಿಲ್, ಟ್ಯೂಬ್ ಮತ್ತು ಖಾಲಿ ಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ತರಿಸಿ ಇಲ್ಲಿಗೆ ಬಂದ ಮೇಲೆ ಜೋಡಿಸುವುದಾದರೆ ಮೂರನೆಯದು ಇಲ್ಲವಾಗುತ್ತದೆ. ಆ ಎರಡೂ ಸಂದರ್ಭಗಳಲ್ಲಿ ಪ್ರತಿಯೊಂದು ವಸ್ತುವನ್ನೂ ಬಿಡಿಬಿಡಿಯಾಗಿ ವರ್ಗೀಕರಿಸಬೇಕು.

ಸೆಟ್ ಎಂದು ಒಪ್ಪಿದ ಮೇಲೆ, ಅದಕ್ಕೆ ಮೂಲ ಸ್ವರೂಪ ಕೊಡುವ ವಸ್ತು ಯಾವುದೋ ಅದರ ಶೀರ್ಷಿಕೆ ಇಡೀ ಸೆಟ್ಟಿಗೆ ಅನ್ವಯಿಸುತ್ತದೆ. ವಿವರಣಾ ಟಿಪ್ಪಣಿಗಳಲ್ಲೇ ನಿಮಗೆ ಹತ್ತಿರದ ಉದಾಹರಣೆಯೊಂದಿದೆ: ಅಳತೆಪಟ್ಟಿ, ವೃತ್ತಾಕಾರದ ಲೆಕ್ಕದ ತಟ್ಟೆ, ಕೈವಾರ, ಪೆನ್ಸಿಲ್ ಮತ್ತು ಶಾರ್ಪನರ್ ಇರುವ ಪ್ಲಾಸ್ಟಿಕ್ ಹಾಳೆಯ ಚೀಲದ ರೇಖಾಚಿತ್ರ ಸೆಟ್ಟನ್ನು ಅವು 90.17ಕ್ಕೆ ಸೇರಿಸುತ್ತವೆ. ಐದು ವಸ್ತುಗಳಲ್ಲಿ ಮೂರು ಅದೇ ಶೀರ್ಷಿಕೆಯವು, ಸೆಟ್ಟಿನ ಕೆಲಸವೂ ಅವುಗಳದ್ದೇ ಆದ್ದರಿಂದ ಅಲ್ಲಿ ಗೊಂದಲವಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಪರಿಮಾಣ, ಸಂಖ್ಯೆ, ತೂಕ, ಬೆಲೆ ಮತ್ತು ಬಳಕೆಯಲ್ಲಿನ ಪಾತ್ರ ಇಷ್ಟನ್ನೂ ತೂಗಿ ನೋಡಬೇಕು. ಒಂದೇ ಮಾನದಂಡಕ್ಕೆ, ಅದರಲ್ಲೂ ಎಣಿಕೆಗೆ, ಅಂಟಿಕೊಳ್ಳುವುದು ಒಳ್ಳೆಯದಲ್ಲ. ಎಪ್ಪತ್ತು ತುಣುಕುಗಳ ಪೆಟ್ಟಿಗೆಯಲ್ಲಿ ನಲವತ್ತು ಅಗ್ಗದ ಕ್ರೆಯಾನುಗಳಿದ್ದು, ಬೆಲೆಯ ಬಹುಪಾಲು ಟ್ಯೂಬುಗಳದ್ದೇ ಆಗಿರಬಹುದು. ಟ್ಯೂಬುಗಳು ಮೇಲುಗೈಯಾದರೆ 3213.10, ಪೆನ್ಸಿಲ್ಲುಗಳಾದರೆ 9609.10, ಪೇಸ್ಟಲ್ಲುಗಳಾದರೆ 9609.90. ಎಷ್ಟು ತೂಗಿದರೂ ಯಾವುದೂ ಮೇಲುಗೈ ಎನಿಸದಿದ್ದರೆ, ಸಮಾನವಾಗಿ ಪರಿಗಣನೆಗೆ ಅರ್ಹವಾದ ಶೀರ್ಷಿಕೆಗಳಲ್ಲಿ ಸಂಖ್ಯಾಕ್ರಮದಲ್ಲಿ ಕೊನೆಗೆ ಬರುವುದನ್ನು ಆರಿಸಬೇಕೆಂದು ನಿಯಮ ಹೇಳುತ್ತದೆ, 32.13 ಮತ್ತು 96.09ರ ನಡುವೆ ಅದು 96.09. ನೀವು ಕೊಟ್ಟ ವಿವರದಲ್ಲಿ ಪ್ರಮಾಣಗಳಿಲ್ಲದ ಕಾರಣ ಅಂತಿಮ ಕೋಡ್ ಹೇಳಲಾರೆ. ಆದರೆ ಇಂಥ ಸರ್ವಸಂಗ್ರಹ ಪೆಟ್ಟಿಗೆಗಳು ಬಹಳ ಸಲ 96.09ರ ಕಡೆಗೇ ವಾಲುತ್ತವೆ ಎಂಬುದು ನನ್ನ ಅಭಿಪ್ರಾಯ.

ಮರದ ಪೆಟ್ಟಿಗೆಗೆ ಪ್ರತ್ಯೇಕ ಕೋಡ್ ಬೇಕಿಲ್ಲ. ಒಂದು ಸೆಟ್ಟಿಗೆಂದೇ ಅಳವಡಿಸಿದ, ದೀರ್ಘಕಾಲ ಬಾಳುವ, ಸೆಟ್ಟಿನೊಂದಿಗೇ ಬರುವ ಮತ್ತು ಸಾಮಾನ್ಯವಾಗಿ ಅದರೊಂದಿಗೇ ಮಾರಾಟವಾಗುವ ಪೆಟ್ಟಿಗೆ ಒಳಗಿನ ವಸ್ತುವಿನ ಜೊತೆಗೇ ವರ್ಗೀಕರಣವಾಗುತ್ತದೆ ಎಂಬುದು ಐದನೆಯ ನಿಯಮ. ಕುಸುರಿ ಕೆತ್ತನೆಯ ಪೆಟ್ಟಿಗೆಯೇ ಮುಖ್ಯವಾಗಿ, ಒಳಗಿನ ಬಣ್ಣ ನೆಪಮಾತ್ರವಾಗಿದ್ದರೆ ಮಾತ್ರ ಈ ಸೌಲಭ್ಯ ಸಿಗದು. ಮಕ್ಕಳ ಚಿತ್ರವಿದೆ ಎಂಬ ಕಾರಣಕ್ಕೆ ಇಂಥ ಪೆಟ್ಟಿಗೆಯನ್ನು 95.03ರ ಆಟಿಕೆ ಎಂದು ಘೋಷಿಸುವುದೂ ತಪ್ಪು. ಮಕ್ಕಳ ಬಣ್ಣ, ಕ್ರೆಯಾನ್, ಪೇಸ್ಟಲ್ ಮತ್ತು ಮಾಡೆಲಿಂಗ್ ಕ್ಲೇಗಳನ್ನು ಆ ಶೀರ್ಷಿಕೆಯ ವಿವರಣಾ ಟಿಪ್ಪಣಿ ಹೊರಗಿಟ್ಟಿದೆ. ಹಾಗೆಂದು ಮಕ್ಕಳ ಸುರಕ್ಷತೆಯ ನಿಯಮಗಳಿಂದ ಅವು ತಪ್ಪಿಸಿಕೊಳ್ಳುವುದಿಲ್ಲ. ಸುಂಕಕ್ಕೆ ಆಟಿಕೆಯಲ್ಲದ ವಸ್ತು ಸುರಕ್ಷತಾ ಕಾನೂನಿಗೆ ಆಟಿಕೆಯಾಗಿರಬಹುದು. ಬೆರಳಿನಿಂದ ಬಳಿಯುವ ಬಣ್ಣಗಳಿಗೆಂದೇ ಯುರೋಪಿನ ಆಟಿಕೆ ಮಾನದಂಡ ಇಎನ್ 71ರಲ್ಲಿ ಪ್ರತ್ಯೇಕ ಭಾಗವಿದೆ.

ಇಲ್ಲಿಂದ ಮುಂದೆ ನಿಮ್ಮ ಎರಡನೆಯ ಪ್ರಶ್ನೆ. ಎಲ್ಲಕ್ಕಿಂತ ಮೊದಲು ಕುಂಚಗಳನ್ನು ಗಮನಿಸಿ. ಕೋಲಿನ್ಸ್ಕಿ ಸೇಬಲ್ ಎಂದು ಮಾರಾಟವಾಗುವ ಕುಂಚದ ಕೂದಲು ಸೈಬೀರಿಯನ್ ವೀಸಲ್ ಎಂಬ ಪ್ರಾಣಿಯದು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ, 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಮೂರನೆಯ ಅನುಬಂಧದಲ್ಲಿ ಈ ಪ್ರಾಣಿ ಭಾರತದ ಕೋರಿಕೆಯ ಮೇರೆಗೆ ಸೇರಿದೆ. ಕುಂಚಗಳಿಗೆ ಬಳಕೆಯಾಗುತ್ತಿದ್ದ ಮುಂಗುಸಿಗಳೂ ಅದೇ ರೀತಿ ಸೇರಿವೆ. ಮೂರನೆಯ ಅನುಬಂಧದ ಪ್ರಾಣಿಯ ಕೂದಲು ಪಟ್ಟಿಗೆ ಸೇರಿಸಿದ ದೇಶದಿಂದ ಹೊರಡುವುದಾದರೆ ರಫ್ತು ಪರವಾನಗಿ ಬೇಕು, ಬೇರೆ ದೇಶದಿಂದಾದರೆ ಸೈಟಿಸ್ ಪ್ರಾಧಿಕಾರ ಕೊಡುವ, ಮೂಲ ದೇಶವನ್ನು ತಿಳಿಸುವ ಪ್ರಮಾಣಪತ್ರ ಸಾಮಾನ್ಯವಾಗಿ ಬೇಕು. ನೈಲಾನ್ ಕುಂಚಕ್ಕೂ ಇದಕ್ಕೂ ಕೋಡ್ ಒಂದೇ, 9603.30; ಸುಂಕದ ಪಟ್ಟಿ ನೋಡಿದವರಿಗೆ ವ್ಯತ್ಯಾಸವೇ ಕಾಣದು. ಆದ್ದರಿಂದ ಕೂದಲು ಯಾವ ಪ್ರಾಣಿಯದು ಎಂಬುದನ್ನು ವೈಜ್ಞಾನಿಕ ಹೆಸರಿನೊಂದಿಗೆ ತಯಾರಕರಿಂದ ಲಿಖಿತವಾಗಿ ಪಡೆಯಿರಿ, ಮತ್ತು ಸರಕು ಹೊರಡುವ ಮೊದಲೇ ಪಡೆಯಿರಿ. ಬಂದರಿಗೆ ಬಂದ ಮೇಲೆ ಹಿಂದಿನ ದಿನಾಂಕದ ಪ್ರಮಾಣಪತ್ರ ಹುಟ್ಟುವುದಿಲ್ಲ. ‘ಸೇಬಲ್’ ಎಂಬ ಹೆಸರನ್ನು ಕೃತಕ ಎಳೆಯ ಕುಂಚಗಳಿಗೂ ವ್ಯಾಪಾರಿಗಳು ಧಾರಾಳವಾಗಿ ಬಳಸುತ್ತಾರೆ, ಆ ಧಾರಾಳತನ ತಪಾಸಣೆಯ ಹೊತ್ತಿಗೆ ದುಬಾರಿಯಾಗುತ್ತದೆ.

ಟರ್ಪೆಂಟೈನಿನ ಕೋಡ್ 3805.10. ಅದು ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1299 ಸಂಖ್ಯೆಯ, ಮೂರನೆಯ ವರ್ಗದ ದಹನಶೀಲ ದ್ರವ. ಅಂಚೆಯಲ್ಲಿ ತರಿಸುವಂತಿಲ್ಲ, ವಿಮಾನದಲ್ಲಾದರೆ ಅದಕ್ಕೆಂದೇ ಇರುವ ಪ್ಯಾಕಿಂಗ್, ಲೇಬಲ್ ಮತ್ತು ಘೋಷಣೆ ಬೇಕು. ಸ್ಪ್ರೇ ಡಬ್ಬಿಯ ಫಿಕ್ಸೆಟಿವ್ (ಪೇಸ್ಟಲ್, ಇದ್ದಿಲಿನ ಪುಡಿ ಉದುರದಂತೆ ಹಿಡಿಯುವ ದ್ರವ) ಅಥವಾ ವಾರ್ನಿಷ್ ತರಿಸಿದರೆ ಅದು ಏರೋಸಾಲ್, ಸಂಖ್ಯೆ 1950. ಟ್ಯೂಬಿನಲ್ಲಿರುವ ತೈಲವರ್ಣಕ್ಕೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ: ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿದ ದ್ರವ ಸಾಮಾನ್ಯವಾಗಿ ಮೂರನೆಯ ವರ್ಗಕ್ಕೆ ಸೇರುವುದಿಲ್ಲ, ಅಗಸೆ ಎಣ್ಣೆಯ ಮಟ್ಟ ಅದಕ್ಕಿಂತ ಬಹಳ ಮೇಲಿದೆ. ಆದರೆ ಸಾಗಣೆ ಕಂಪನಿಯವರು ಮಾತನ್ನು ನಂಬುವುದಿಲ್ಲ. 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಪ್ರತಿ ಬಣ್ಣದ ಸರಣಿಗೂ ತರಿಸಿಕೊಳ್ಳಿ. ಈ ಉಷ್ಣತೆ ಅದರ 9ನೇ ವಿಭಾಗದಲ್ಲಿ, ಸಾಗಣೆಯ ವರ್ಗ 14ನೇ ವಿಭಾಗದಲ್ಲಿ ಇರುತ್ತದೆ. ಮೊದಲ ಸರಕಿನಲ್ಲಿ ಟರ್ಪೆಂಟೈನನ್ನು ಕೈಬಿಡಿ ಎಂಬುದು ನನ್ನ ಸಲಹೆ, ಏಕೆಂದರೆ ಒಂದೆರಡು ಪೆಟ್ಟಿಗೆ ದ್ರಾವಕಕ್ಕಾಗಿ ಇಡೀ ಸರಕು ಗೋದಾಮಿನಲ್ಲಿ ಕೂರಬಾರದು.

ವಿಷಕಾರಿ ವರ್ಣದ್ರವ್ಯಗಳ ವಿಷಯದಲ್ಲಿ ದೇಶದೇಶಕ್ಕೆ ಕಾನೂನು ಬೇರೆ. ಸೀಸದ ಬಿಳಿಯನ್ನು ನಿಯಂತ್ರಿಸಿದ 1921ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಕಲಾತ್ಮಕ ಚಿತ್ರರಚನೆಗೆ ಅನ್ವಯಿಸುವುದಿಲ್ಲವೆಂದು ತನ್ನಲ್ಲೇ ಹೇಳಿಕೊಂಡಿತ್ತು. ಕಲಾವಿದರ ಬಣ್ಣಗಳಲ್ಲಿ ಕ್ಯಾಡ್ಮಿಯಂ ನಿಷೇಧಿಸಬೇಕೆಂದು ಸ್ವೀಡನ್ ಮುಂದಿಟ್ಟ ಪ್ರಸ್ತಾವವನ್ನು ಯುರೋಪಿಯನ್ ಕಮಿಷನ್ 2015ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ 1988ರ ಕಾನೂನಿನಂತೆ ದೀರ್ಘಕಾಲೀನ ಆರೋಗ್ಯ ಅಪಾಯವಿರುವ ಕಲಾ ಸಾಮಗ್ರಿಯ ಮೇಲೆ ಅದರ ಎಚ್ಚರಿಕೆ ಇರಬೇಕು. ಇವುಗಳಿಂದ ನಿಮಗೆ ದಕ್ಕುವ ಪಾಠ ಇಷ್ಟೇ: ಟ್ಯೂಬಿನ ಮೇಲಿನ ವರ್ಣದ್ರವ್ಯ ಸಂಕೇತಗಳನ್ನು ನೋಡಿ ಸೀಸ, ಕ್ಯಾಡ್ಮಿಯಂ, ಕ್ರೋಮೇಟ್ ಇರುವ ಬಣ್ಣಗಳನ್ನು ಪಟ್ಟಿಯಲ್ಲಿ ಗುರುತು ಮಾಡಿಕೊಂಡು, ಆಮದು ದೇಶದ ರಾಸಾಯನಿಕ ಕಾನೂನಿನೊಂದಿಗೆ ಒಂದೊಂದನ್ನೂ ಹೋಲಿಸಿ ನೋಡಬೇಕು, ಮತ್ತು ಮಕ್ಕಳಿಗೆ ಮಾರುವ ಪೆಟ್ಟಿಗೆಗಳಲ್ಲಿ ಅವು ಇರಲೇಬಾರದು.

ಕ್ಯಾನ್ವಾಸನ್ನು ಮರದ ಕ್ರೇಟುಗಳಲ್ಲಿ ಕಳುಹಿಸುತ್ತಾರಾದರೆ ಕ್ರೇಟಿನ ಮೇಲೆ ಮರದ ಪ್ಯಾಕಿಂಗ್‌ಗೆಂದಿರುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಪಿಎಂ 15 ಮುದ್ರೆ ಇರಬೇಕು. ಕೀಟಗಳನ್ನು ತಡೆಯಲು ಮರದ ಒಳತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವುದು ಆ ಮಾನದಂಡ ಒಪ್ಪುವ ವಿಧಾನಗಳಲ್ಲಿ ಒಂದು.

ಮೌಲ್ಯದ ಬಗ್ಗೆ ಒಂದು ಮಾತು. ವಿಶ್ವ ವ್ಯಾಪಾರ ಸಂಸ್ಥೆಯ ಮೌಲ್ಯಮಾಪನ ಒಪ್ಪಂದದ ಪ್ರಕಾರ ಸುಂಕಕ್ಕೆ ಆಧಾರ ನೀವು ನಿಜವಾಗಿ ಕೊಟ್ಟ ಅಥವಾ ಕೊಡಬೇಕಾದ ಬೆಲೆ. ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಅದಕ್ಕೆ ಸೇರಿಸಬೇಕೋ ಬೇಡವೋ ಎಂಬುದನ್ನು ದೇಶಗಳ ಆಯ್ಕೆಗೆ ಬಿಡಲಾಗಿದೆ. ಉಚಿತ ಮಾದರಿಯೆಂದು ಕಳುಹಿಸಿದ ಟ್ಯೂಬಿಗೂ ಮೌಲ್ಯ ಘೋಷಿಸಲೇಬೇಕು, ಸೊನ್ನೆ ಎಂದು ಬರೆಯುವಂತಿಲ್ಲ.

ಈಗ ಮಾಡಬೇಕಾದ ಕೆಲಸ: ಇನ್‌ವಾಯ್ಸನ್ನು ವಾಪಸ್ ಕಳುಹಿಸಿ, ಪ್ರತಿ ಸಾಲಿನಲ್ಲೂ ವಸ್ತುವಿನ ಹೆಸರು, ಅದು ಯಾವುದರಿಂದ ಆಗಿದೆ, ಪ್ಯಾಕಿಂಗ್, ಪ್ರಮಾಣ, ಬೆಲೆ ಮತ್ತು ಮೂಲ ದೇಶ ಇರುವಂತೆ ಮತ್ತೆ ಬರೆಸಿ. ಪೂರೈಕೆದಾರರು ಕೊಡುವ ಕೋಡ್ ಒಂದು ಸೂಚನೆ ಮಾತ್ರ. ಆಮದು ಘೋಷಣೆಗೆ ಸಹಿ ಹಾಕುವವರು ನೀವಾದ್ದರಿಂದ ತಪ್ಪಿನ ಹೊಣೆಯೂ ದಂಡವೂ ನಿಮ್ಮದೇ. ಟ್ಯೂಬ್, ಪೆನ್ಸಿಲ್, ಕುಂಚ, ಕ್ಯಾನ್ವಾಸ್ ಇವುಗಳ ವರ್ಗೀಕರಣಕ್ಕೆ ಅಧಿಕಾರಿಗಳ ಪೂರ್ವಾನುಮತಿಯ ಅಗತ್ಯ ನನಗೆ ಕಾಣುವುದಿಲ್ಲ. ಮಿಶ್ರ ಪೆಟ್ಟಿಗೆಗೆ ಮಾತ್ರ ಮುಂಗಡ ನಿರ್ಣಯ ಪಡೆಯುವುದು ಲೇಸು. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವ್ಯಾಪಾರ ಸೌಲಭ್ಯ ಒಪ್ಪಂದದ 3ನೇ ವಿಧಿ, ವರ್ಗೀಕರಣ ಮತ್ತು ಮೂಲದ ಬಗ್ಗೆ ಇಂಥ ನಿರ್ಣಯ ಕೊಡುವ ವ್ಯವಸ್ಥೆಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳಿಂದ ಬಯಸುತ್ತದೆ. ಅರ್ಜಿಯೊಂದಿಗೆ ಪೆಟ್ಟಿಗೆಯ ಮಾದರಿ ಅಥವಾ ಸ್ಪಷ್ಟ ಫೋಟೊಗಳು, ಒಳಗಿನ ಪ್ರತಿ ವಸ್ತುವಿನ ಸಂಖ್ಯೆ, ತೂಕ ಮತ್ತು ಬಿಡಿ ಬೆಲೆಯ ಕೋಷ್ಟಕ ಇರಲಿ. ಮುಂದೆ ಪೂರೈಕೆದಾರರು ಪೆನ್ಸಿಲ್ಲುಗಳನ್ನು ಕಡಿಮೆ ಮಾಡಿ ಟ್ಯೂಬುಗಳನ್ನು ಹೆಚ್ಚಿಸಿದರೆ ಹಳೆಯ ನಿರ್ಣಯ ಆ ಹೊಸ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ, ಆದ್ದರಿಂದ ಒಳಗಿನ ಜೋಡಣೆಯನ್ನು ನಿಮಗೆ ತಿಳಿಸದೆ ಬದಲಿಸಬಾರದೆಂಬ ಷರತ್ತನ್ನು ಖರೀದಿ ಒಪ್ಪಂದದಲ್ಲೇ ಸೇರಿಸಿಕೊಳ್ಳಿ.